ಗೆದ್ದವರ ಊರಿಗೆ ಮುಂದಿನ ಆಟ

ಗೆದ್ದವನೇ ಬಂದು ಜಗಳ ತೆಗೆದದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದೆ. ಬೀದರಿನ ಮೈಲೂರಿನಲ್ಲಿ, ನಮ್ಮ ಓಣಿಯ ಬುದ್ಧ ವಿಹಾರದ ಪಕ್ಕದ ಸಮುದಾಯ ಭವನದಲ್ಲಿ, ನನ್ನ ಕಣ್ಣೆದುರಿಗೇ.

"ಮ್ಯಾಡಂ, ಈ ಕಪ್ ನಮಗ ಬ್ಯಾಡ್ರಿ," ಅಂದ ಭಾಲ್ಕಿ ಟೀಮಿನ ಕ್ಯಾಪ್ಟನ್ ಸಲೀಂ. ಅಂದವನೇ ಕಪ್ಪನ್ನು ನನ್ನ ಮೇಜಿನ ಮೇಲೆ ಕುಕ್ಕಿದ. "ನಾವು ಗೆದ್ದಿಲ್ಲ. ಅವ ಬಿಟ್ಟುಕೊಟ್ಟಾನ. ನಾವೇನು ಇಲ್ಲಿ ಬೇಡ್ಲಾಕ ಬಂದೇವೇನ್ರಿ?"

'ಅವ' ಎಂದರೆ ಬೀರಪ್ಪ, ಔರಾದ ಟೀಮಿನ ಕ್ಯಾಪ್ಟನ್. ಸೋತವನು. ಅವನು ಅಲ್ಲೇ ಗೋಡೆಗೆ ಒರಗಿ ಕೂತು ಚಾರ್ಜರಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ತಲೆ ಎತ್ತಿ ನೋಡಲಿಲ್ಲ. (ಹೆಸರುಗಳನ್ನು ಬದಲಿಸಿದ್ದೇನೆ. ಬೀರಪ್ಪನ ಹಳ್ಳಿ ಔರಾದ ತಾಲ್ಲೂಕಿನದು ಎಂದಷ್ಟೇ ಹೇಳುತ್ತೇನೆ, ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ.)

ಯಾವ ಆಟ ಎಂದು ಮೊದಲು ಹೇಳಿಬಿಡುತ್ತೇನೆ. ನಗಬೇಡಿ. ಮೊಬೈಲ್ ಗೇಮ್.

ಹೌದು, ಕಾಮರ್ಸ್ ಪಾಠ ಮಾಡುತ್ತಾ, ಬೆಂಚಿನ ಕೆಳಗೆ ಮೊಬೈಲ್ ಕಂಡರೆ ಕಸಿದುಕೊಂಡು ಕಪಾಟಿನಲ್ಲಿ ಇಟ್ಟು ಬೀಗ ಹಾಕುವ ಇದೇ ನಾನು, ಈಗ ಮೊಬೈಲ್ ಗೇಮ್ ಟೂರ್ನಮೆಂಟಿನ ಅಂಪೈರು. ಇದಕ್ಕೆಲ್ಲ ಕಾರಣ ಪ್ರಜ್ಞಾ, ನನ್ನ ತಂಗಿಯ ಮಗಳು. ನಮ್ಮ ಮನೆಯಲ್ಲೇ ಇದ್ದು ಓದಿದಳು, ಈಗ ಕಂಪ್ಯೂಟರ್ ಸೆಂಟರೊಂದರಲ್ಲಿ ಕಲಿಸುತ್ತಾಳೆ. ಅಷ್ಟಕ್ಕೇ ಸುಮ್ಮನಿರದೆ ಟೂರ್ನಮೆಂಟ್ ಶುರು ಮಾಡಿದಳು. ಮೊದಲ ಸಲವೇ ಹುಡುಗರು ಕಾಲರ್ ಹಿಡಿದುಕೊಂಡು ಬಡಿದಾಡಿದರು. ಮಾರನೆಯ ದಿನ ನನ್ನ ಹತ್ತಿರ ಬಂದಳು.

"ದೊಡ್ಡವ್ವ, ನೀ ಬಂದು ಬರೇ ಕುರ್ಚಿ ಮ್ಯಾಲ ಕೂಡು. ಏನೂ ಮಾಡಬ್ಯಾಡ. ನಿನ್ನ ಮಾರಿ ನೋಡಿದ್ರ ಸಾಕು, ಯಾರೂ ಜಗಳ ತೆಗೆಯಂಗಿಲ್ಲ."

ನನ್ನ ಮುಖದ ಬಗ್ಗೆ ಇಂಥ ಪ್ರಶಂಸೆ ಈ ಮೊದಲು ಯಾರೂ ಮಾಡಿರಲಿಲ್ಲ. ಹೋಗಿ ಕೂತೆ. ಕೂತವಳು ಇನ್ನೂ ಎದ್ದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಟೀಮಿಗೆ ನಾಲ್ಕು ಜನ. ಹಲವು ಟೀಮುಗಳು ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತವೆ. ಖಾಲಿ ಮನೆಗಳನ್ನು ಹೊಕ್ಕು ಬಂದೂಕು ಹುಡುಕಿಕೊಳ್ಳಬೇಕು. ಎದುರು ಸಿಕ್ಕವರನ್ನು ಹೊಡೆಯಬೇಕು. ಕೊನೆಯವರೆಗೆ ಬದುಕಿ ಉಳಿದ ಟೀಮು ಗೆದ್ದಂತೆ. ಇಷ್ಟೇ. ಇಷ್ಟಕ್ಕೇ ಊಟ ನಿದ್ದೆ ಬಿಡುತ್ತಾರಾ ಎಂದರೆ, ಬಿಡುತ್ತಾರೆ. ಕ್ರಿಕೆಟ್ಟಿಗೆ ನಾವು ಬಿಡಲಿಲ್ಲವೇ?

ಮೊದಮೊದಲು ಬೀದರ್ ಸಿಟಿಯ ಟೀಮುಗಳೇ ಬರುತ್ತಿದ್ದವು. ಅವೇ ಮುಖಗಳು, ಅವೇ ಜಗಳಗಳು. ಹಳ್ಳಿಯವರು ಯಾರೂ ಇಲ್ಲ. ಬಸ್ಸು ಹತ್ತಿ ಇಲ್ಲಿಗೆ ಬಂದು ಸೋತು ಹೋಗುವುದಕ್ಕೆ ಅವರಿಗೇನು ಹುಚ್ಚೇ? ಆಗ ಪ್ರಜ್ಞಾ ಒಂದು ನಿಯಮ ತಂದಳು. ಈ ಅಂಕಣದ ತಲೆಬರಹದಲ್ಲಿ ಬರೆದಿದ್ದೇನಲ್ಲ, ಅದೇ. ಯಾವ ಟೀಮು ಗೆಲ್ಲುತ್ತದೋ, ಮುಂದಿನ ಟೂರ್ನಮೆಂಟ್ ಅವರ ಊರಿನಲ್ಲಿ. ಜಾಗ, ಕರೆಂಟು, ಒಂದು ಹೊತ್ತಿನ ಊಟ ಆ ಊರಿನವರದು. ಜೊತೆಗೆ, ಒಂದು ಟೀಮಿನ ನಾಲ್ಕೂ ಜನ ಒಂದೇ ಊರಿನವರಾಗಿರಬೇಕು, ಒಂದೇ ಜಮಖಾನದ ಮೇಲೆ ಕೂತು ಆಡಬೇಕು. ಹೈದರಾಬಾದಿನಿಂದ ಬಾಡಿಗೆ ಆಟಗಾರರನ್ನು ತಂದು ಕೂರಿಸುವ ಆಟ ನಮ್ಮಲ್ಲಿ ನಡೆಯುವುದಿಲ್ಲ.

ಆ ನಿಯಮ ಮಾಡಿದ ಕೆಲಸವನ್ನು ಏನೆಂದು ಹೇಳಲಿ. ಮರುಸಲವೇ ಕಮಠಾಣದವರು ಗೆದ್ದರು. ಕಮಠಾಣದ ಶಾಲೆಯ ಪಡಸಾಲೆಯಲ್ಲಿ ಜಮಖಾನಗಳನ್ನು ಹಾಸಿದರು. ಬಿಳಿ ಧೋತರ ಕಟ್ಟಿ ಅದರ ಮೇಲೆ ಪ್ರಜ್ಞಾಳ ಪ್ರೊಜೆಕ್ಟರ್ ಬಿಟ್ಟರು. ಅರ್ಧ ಊರು ನೋಡಲು ಬಂತು. ಪರದೆಯ ಮೇಲೆ ಒಬ್ಬ ಗುಂಡು ತಿಂದು ಮೊಣಕಾಲೂರಿ ಬಿದ್ದಾಗ, ಮುಂದೆ ಕೂತಿದ್ದ ಮುತ್ಯಾ ಒಬ್ಬರು ಕಸಿವಿಸಿಯಿಂದ ಎದ್ದೇ ನಿಂತರು. "ಅವನಿಗಿ ಯಾರರೇ ಒಂದೀಟು ನೀರು ಹಾಕ್ರೋ," ಅಂದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಂದು ಕಮಠಾಣದವರು ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣಿಸಿದರು. ಆಮೇಲೆ ಭಾಲ್ಕಿಯವರು ಗೆದ್ದು, ತೊಗರಿಬೇಳೆಯ ಗೋದಾಮಿನಲ್ಲಿ ಆಟ ಇಟ್ಟು, ಬಗಾರಾ ಅನ್ನ ಹಾಕಿದರು. ಹೀಗೆ ಆಟದ ಜೊತೆ ಊಟದಲ್ಲೂ ಪೈಪೋಟಿ ಬಿತ್ತು. ಯಾರೂ ಹೇಳದೆ ಇನ್ನೊಂದು ರಿವಾಜು ಹುಟ್ಟಿಕೊಂಡಿತು. ಆಟ ಶುರುವಾಗುವ ಮೊದಲು, ಆ ಊರಿನ ಟೀಮಿನ ಕ್ಯಾಪ್ಟನ್ ತಾನೇ ತಂಬಿಗೆ ಹಿಡಿದು, ಒಂದೊಂದು ಜಮಖಾನದ ಹತ್ತಿರ ಬಂದು, ಬಂದವರಿಗೆಲ್ಲ ನೀರು ಕೊಡುವುದು. ಇನ್ನು ಸ್ವಲ್ಪ ಹೊತ್ತಿಗೆ ಯಾರನ್ನು ಹುಡುಕಿ ಹೊಡೆಯಬೇಕೋ ಅವನಿಗೇ ನೀರು ಕೊಟ್ಟು, "ಕುಡೀರಿ ಅಣ್ಣ," ಅನ್ನುವುದು. ಅದಾದ ಮೇಲೆ ಕಾಲರ್ ಹಿಡಿಯುವ ಜಗಳಗಳು ನಿಂತವು. ನನ್ನ ಮುಖಕ್ಕಿಂತ ಆ ತಂಬಿಗೆ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಗುಮಾನಿ.

ಔರಾದ ಟೀಮು ಬಂದದ್ದು ಆ ಹೊತ್ತಿನಲ್ಲಿ. ಬೀರಪ್ಪ, ನಾಗೇಶ, ಇನ್ನಿಬ್ಬರು. ಬೀರಪ್ಪನದು ಕುರಿ ಸಾಕುವ ಮನೆ. ಆಟದಲ್ಲಿ ಮಾತು ಕಡಿಮೆ, ಅವಸರ ಇಲ್ಲ. ಉಳಿದವರು ಓಡಾಡಿ ಸಾಯುವಾಗ ಇವನು ಒಂದು ಕಡೆ ಸುಮ್ಮನೆ ಕೂತು ಕಾಯುತ್ತಿದ್ದ. ಮೊದಲ ಸಲ ಬೇಗ ಔಟಾದರು. ಎರಡನೆಯ ಸಲ ಕೊನೆಯ ತನಕ ಬಂದರು. ಹೋಗುವಾಗ ಬೀರಪ್ಪ ನನ್ನ ಹತ್ತಿರ ಬಂದು ನಿಂತ.

"ಮ್ಯಾಡಂ, ಮುಂದಿನ ಸಲ ಗೆದ್ದೇ ಗೆಲ್ತೇವಿ. ನಮ್ಮೂರಾಗ ಆಟ ಆಗಬೇಕ್ರಿ. ನಮ್ಮ ಅವ್ವ ಈಗೇ ಕೇಳ್ಲತ್ತಾಳ, ಎಷ್ಟು ಮಂದಿಗಿ ರೊಟ್ಟಿ ಬಡೀಬೇಕು ಅಂತ."

"ಮೊದಲ ಗೆಲ್ಲೋ ಮಾರಾಯ," ಅಂದೆ ನಾನು.

ಆಮೇಲೆ ಮಳೆ ಹೋಯಿತು. ಒಂದು ವರ್ಷ ಹೋದರೆ ಹೇಗೋ ಆಗುತ್ತಿತ್ತು, ಮರುವರ್ಷವೂ ಮುಖ ತೋರಿಸಲಿಲ್ಲ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಗಿನ ರೈಲಿಗೆ ಗಂಟುಮೂಟೆ ಹೊತ್ತು ನಿಂತವರನ್ನು ನೀವೂ ನೋಡಿದ್ದೀರಿ. ನಾನು ಅದನ್ನು ಕಂಡದ್ದು ನಮ್ಮ ಟೂರ್ನಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ. "ನಮ್ಮ ಟೀಮ್ ಈ ಸಲ ಇಲ್ಲ ಮ್ಯಾಡಂ, ಇಬ್ಬರು ಪುಣೆಗಿ ಹೋಗ್ಯಾರ" ಎಂದು ಒಬ್ಬರು. "ನಾ ಹೈದರಾಬಾದ್‌ದಾಗ ಇದ್ದೀನಿ, ಇಲ್ಲಿ ಸಿಗ್ನಲ್ ಭಾಳ ಛಲೋ ಅದ, ಆಡ್ಲಾಕ ಟೈಮ್ ಇಲ್ಲ" ಎಂದು ಇನ್ನೊಬ್ಬರು. ಸಿಗ್ನಲ್ಲಿಗೆಂದು ಮರ ಹತ್ತುತ್ತಿದ್ದ ಹುಡುಗರು. ಈಗ ಕಟ್ಟುತ್ತಿರುವ ಕಟ್ಟಡದ ಮೇಲಂತಸ್ತಿನಲ್ಲಿ ನಿಂತು ಫುಲ್ ಸಿಗ್ನಲ್ಲಿನ ಫೋಟೋ ಕಳಿಸುತ್ತಿದ್ದರು. ಅದನ್ನು ನೋಡಿ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಕಮಠಾಣದ ಟೀಮು ಒಡೆಯಿತು. ಇನ್ನೂ ಕೆಲವು ಒಡೆದವು. ನಾಲ್ವರೂ ಒಂದೇ ಜಮಖಾನದ ಮೇಲೆ ಕೂರಬೇಕು ಎನ್ನುವ ನಿಯಮವನ್ನು ಸಡಿಲಿಸೋಣ ಎಂದಳು ಪ್ರಜ್ಞಾ. ನಾನು ಬೇಡ ಎಂದೆ. ಎಲ್ಲರೂ ಅವರವರ ಮೂಲೆಯಲ್ಲಿ ಕೂತು ಆಡುವುದಾದರೆ ನಾವು ಯಾಕೆ ಬೇಕು? ಅದು ಟೂರ್ನಮೆಂಟ್ ಇಲ್ಲದೆಯೂ ನಡೆಯುತ್ತದೆ.

ಈ ಸಲದ ಆಟ ಬೀದರಿನಲ್ಲಿತ್ತು. ಬಂದ ಟೀಮುಗಳು ಕಡಿಮೆ. ಆದರೆ ಔರಾದ ಟೀಮು ಬಂತು, ನಾಲ್ಕಕ್ಕೆ ನಾಲ್ಕೂ ಜನ. ನಾಗೇಶ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದವನು, ಆಟಕ್ಕಾಗಿಯೇ ಬಸ್ಸು ಹತ್ತಿ ಬಂದಿದ್ದ. ಉಗುರಿನ ಸಂದಿನಲ್ಲಿ ಸಿಮೆಂಟು ಹಾಗೇ ಇತ್ತು. ಅಂದು ಔರಾದಿನವರು ಆಡಿದ ಆಟ ನೋಡಿ ಸಿಟಿಯ ಹುಡುಗರು ಮೂಗಿನ ಮೇಲೆ ಬೆರಳಿಟ್ಟರು.

ಕೊನೆಯ ಮ್ಯಾಚು. ಎಲ್ಲ ಸತ್ತು ಉಳಿದವರು ಮೂವರು. ಭಾಲ್ಕಿಯ ಸಲೀಂ ಮತ್ತು ಅವನ ಜೊತೆಗಾರ ಬಯಲಿನಲ್ಲಿ, ಒಂದು ಒಣ ಮರದ ಹಿಂದೆ. ಎದುರಿಗೆ ಎರಡಂತಸ್ತಿನ ಮನೆ. ಅದರ ಮೇಲಿನ ಕಿಟಕಿಯಲ್ಲಿ ಬೀರಪ್ಪ, ಒಬ್ಬನೇ. ಕೈಯಲ್ಲಿ ಆ ಆಟದ ಅತಿ ಒಳ್ಳೆಯ ಬಂದೂಕು. ಗೋಡೆಯ ಮೇಲೆ ಇದೆಲ್ಲ ದೊಡ್ಡದಾಗಿ ಕಾಣುತ್ತಿತ್ತು. ನನಗೂ ಗೊತ್ತಾಯಿತು, ಸಲೀಂನ ಕಥೆ ಮುಗಿಯಿತು ಅಂತ.

ಬೀರಪ್ಪ ಗುಂಡು ಹಾರಿಸಲಿಲ್ಲ. ಕಿಟಕಿ ಬಿಟ್ಟು ಹಿಂದೆ ಸರಿದ. ಮೆಟ್ಟಿಲಿಳಿದು ಬಂದ. ಬಾಗಿಲಲ್ಲಿ ಬಂದೂಕು ಕೆಳಗೆ ಹಾಕಿದ. ನಡೆದುಕೊಂಡು ಅಂಗಳಕ್ಕೆ ಬಂದು ಸುಮ್ಮನೆ ನಿಂತ. ಸಲೀಂನ ಜೊತೆಗಾರ ಗಾಬರಿಯಲ್ಲಿ ಹೊಡೆದೇಬಿಟ್ಟ.

ಆಮೇಲಿನ ಗದ್ದಲ ಕೇಳಬೇಡಿ. ಫಿಕ್ಸಿಂಗ್ ಅಂದರು. ರೊಕ್ಕ ತಿಂದಾನ ಅಂದರು. ಸಲೀಂ ಕಪ್ಪು ತಂದು ನನ್ನ ಮುಂದೆ ಕುಕ್ಕಿದ್ದು ಆಗಲೇ. ನನಗೆ ಸಿಟ್ಟು ಬೇಗ ಬರುತ್ತದೆ ಎನ್ನುವುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಅಂದೂ ಬಂತು. ಆದರೆ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಔರಾದಿನ ಉಳಿದ ಮೂವರಲ್ಲಿ ಒಬ್ಬನೂ ಬೀರಪ್ಪನಿಗೆ ಒಂದು ಮಾತು ಅನ್ನಲಿಲ್ಲ. ಆಟಕ್ಕಾಗಿ ಬಸ್ಸು ಹತ್ತಿ ಬಂದ ನಾಗೇಶನೂ ಅನ್ನಲಿಲ್ಲ. ಎದ್ದು ಜಮಖಾನ ಝಾಡಿಸಿ, ಮಡಿಚಿ, ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತರು.

ನಮ್ಮಲ್ಲಿ ಇನ್ನೊಂದು ನಿಯಮ ಇದೆ. ಬೇಕಂತಲೇ ಸೋತ ಟೀಮಿಗೆ ಒಂದು ವರ್ಷ ಆಟ ಬಂದ್. ನಾನೇ ಹಾಕಿದ್ದು. ಹಿಂದೊಮ್ಮೆ ಸಿಟಿಯ ಟೀಮೊಂದು ದೋಸ್ತಿಗಾಗಿ ಆಟ ಬಿಟ್ಟುಕೊಟ್ಟಾಗ ಹಾಕಿದ್ದೆ. ಈಗ ಅದನ್ನು ಔರಾದಿನವರ ಮೇಲೆ ಹಾಕಬೇಕು. ವರ್ಷ ಬಂದ್ ಮಾಡಿದರೆ ಆ ಟೀಮು ಮತ್ತೆ ಕೂಡುವುದಿಲ್ಲ ಎಂದು ನನಗೂ ಗೊತ್ತಿತ್ತು. ನಾಗೇಶ ಹೈದರಾಬಾದಿನಲ್ಲೇ ಉಳಿಯುತ್ತಾನೆ, ಉಳಿದವರು ಇನ್ನೆಲ್ಲೋ. ಔರಾದ ಕಡೆಯಿಂದ ಬರುತ್ತಿದ್ದ ಟೀಮು ಅದೊಂದೇ. ಯಾಕೆ ಹೀಗೆ ಮಾಡಿದಿ ಎಂದು ಕೇಳಿದೆ. ಬೀರಪ್ಪ "ಬರ್ತೇನ್ರಿ," ಅಂದು ಹೊರಟ.

ಭಾನುವಾರ ಪ್ರಜ್ಞಾಳನ್ನು ಕರೆದುಕೊಂಡು ಅವನ ಊರಿಗೇ ಹೋದೆ. ಔರಾದಿನವರೆಗೆ ಬಸ್ಸು, ಅಲ್ಲಿಂದ ಟಮ್‌ಟಮ್ ಆಟೋ. ಟಮ್‌ಟಮ್‌ದವನು ಊರ ಹೊರಗೇ ಇಳಿಸಿ, "ಒಳಗ ಯಾರಿದ್ದಾರಂತ ಹೊಂಟೀರಿ?" ಅಂದ.

ನಿಜ, ಯಾರೂ ಇರಲಿಲ್ಲ. ಬಾಗಿಲಿಂದ ಬಾಗಿಲಿಗೆ ಬೀಗ. ಕೆಲವು ಬಾಗಿಲುಗಳಿಗೆ ನಾಯಿ ನುಗ್ಗದಂತೆ ಜಾಲಿಮುಳ್ಳಿನ ಕಂಟಿ ಒರಗಿಸಿದ್ದರು. ಒಂದು ಕಟ್ಟೆಯ ಮೇಲೆ ಇಬ್ಬರು ಮುದುಕರು, ಅವರ ಕಾಲ ಹತ್ತಿರ ಎಲುಬು ಕಾಣುವ ಒಂದು ನಾಯಿ. ಊರ ನಡುವೆ ನೀರಿನ ದೊಡ್ಡ ಟಾಕಿ. ಅದರ ಕೆಳಗೆ ಪ್ಲಾಸ್ಟಿಕ್ ಕೊಡಗಳ ಸಾಲು, ಟ್ಯಾಂಕರಿನ ದಾರಿ ಕಾಯುತ್ತಾ. ಟಾಕಿಯ ಬುಡದ ಗೋಡೆಯಲ್ಲಿ ಒಂದು ಕಡೆ ಮಾತ್ರ ಚೌಕಾಕಾರವಾಗಿ ಸುಣ್ಣ ಬಳಿದಿತ್ತು. ಹಳೆಯ ಸುಣ್ಣ, ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ಪ್ರಜ್ಞಾ ಅದನ್ನೇ ನೋಡುತ್ತಾ ನಿಂತಳು.

"ದೊಡ್ಡವ್ವ, ಇದು ಪರದೆ," ಅಂದಳು. "ಪ್ರೊಜೆಕ್ಟರ್ ಬಿಡ್ಲಾಕ ಬಳದಾರ. ನನಗ ಫೋನ್ ಮಾಡಿ ಅಳತಿ ಕೇಳಿದ್ದ ಬೀರಪ್ಪ. ಮಳಿ ಹೋಗೂಕಿಂತ ಮೊದಲು."

ಬೀರಪ್ಪನ ಮನೆ ಆ ಟಾಕಿಯ ಹಿಂದೆಯೇ. ಅವನಿರಲಿಲ್ಲ, ಅವನ ಅವ್ವ ಇದ್ದಳು. ನಾವು ಯಾರೆಂದು ಹೇಳುತ್ತಲೇ ಅವಳ ಮುಖ ಅರಳಿತು. ಕಂಬಳಿ ಹಾಸಿದಳು.

"ನೀವೇ ಏನ್ರಿ ಅಂಪೈರ್ ಮ್ಯಾಡಂ? ಕೂಡ್ರಿ, ಕೂಡ್ರಿ. ಬಿಸಿಲಾಗ ಬಂದೀರಿ," ಎಂದು ಒಳಗೆ ಹೋಗಿ, ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಒಂದು ಚೂರು ಬೆಲ್ಲ ಹಿಡಿದುಕೊಂಡು ಬಂದಳು. ತಂಬಿಗೆ ತುಂಬಿ ತುಳುಕುವ ಹಾಗಿತ್ತು. ಮೊದಲು ಪ್ರಜ್ಞಾ ಕುಡಿದಳು. ಆಮೇಲೆ ನಾನು. ಬೆಲ್ಲ ಬಾಯಿಗೆ ಹಾಕಿಕೊಂಡು, ಎತ್ತಿ ಗಟಗಟ ಕುಡಿದೆ. ಹೊಟ್ಟೆ ತಂಪಾಯಿತು. ಉಳಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿ, ಇನ್ನೂ ತಳದಲ್ಲಿ ಇದ್ದದ್ದನ್ನು ಅಂಗಳಕ್ಕೆ ಚೆಲ್ಲಿದೆ.

ನಾವೆಲ್ಲ ಮಾಡುವುದು ಅದನ್ನೇ ಅಲ್ಲವೇ? ಕುಡಿದು ಉಳಿದ ನೀರನ್ನು ಚೆಲ್ಲುತ್ತೇವೆ. ಎಂಜಲು ತಂಬಿಗೆಯನ್ನು ಹಾಗೇ ತಿರುಗಿ ಕೊಡಬಾರದು ಅಂತ. ನನ್ನ ಅವ್ವ ಹಾಗೆ ಮಾಡುತ್ತಿದ್ದಳು, ನಾನೂ ಮಾಡುತ್ತೇನೆ. ಕೈ ತಾನೇ ಮಾಡಿಬಿಡುತ್ತದೆ.

ಪ್ರಜ್ಞಾ ನನ್ನ ತೋಳು ಚಿವುಟಿದಳು. ಆಗ ನೋಡಿದೆ. ಬೀರಪ್ಪನ ಅವ್ವ ನನ್ನ ಮುಖ ನೋಡುತ್ತಿರಲಿಲ್ಲ. ಅಂಗಳದಲ್ಲಿ ನೀರು ಬಿದ್ದ ಜಾಗವನ್ನು ನೋಡುತ್ತಿದ್ದಳು. ಒಣ ಮಣ್ಣು ಕಪ್ಪಗಾಗಿ, ನಾವು ನೋಡುತ್ತಿದ್ದ ಹಾಗೇ ಅದನ್ನು ಕುಡಿದುಬಿಟ್ಟಿತು. ಅವಳು ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು, "ಇನ್ನೀಟು ಕೊಡ್ಲೇನ್ರಿ?" ಅಂದಳು.

ನಾನು ಈ ವಯಸ್ಸಿನವರೆಗೆ ಅಷ್ಟು ನಾಚಿಕೆಪಟ್ಟದ್ದಿಲ್ಲ. ತೆರೆದ ಬಾಗಿಲಿನಿಂದ ಒಳಗಿನ ನೀರಿನ ಕಟ್ಟೆ ಕಾಣುತ್ತಿತ್ತು. ಕೊಡಗಳೆಲ್ಲ ಬೋರಲು ಬಿದ್ದಿದ್ದವು. ಒಂದು ಮಾತ್ರ ನೆಟ್ಟಗೆ ನಿಂತಿತ್ತು, ಮೇಲೊಂದು ತಾಟು ಮುಚ್ಚಿಕೊಂಡು. ಮನೆಯಲ್ಲಿ ಇದ್ದದ್ದು ಅಷ್ಟೇ ನೀರು. ಅದರಲ್ಲೇ ನನಗೆ ತಂಬಿಗೆ ತುಂಬಿ ಕೊಟ್ಟಿದ್ದಳು.

ಸ್ವಲ್ಪ ಹೊತ್ತಿಗೆ ಬೀರಪ್ಪ ಬಂದ. ಸೈಕಲ್ಲಿನ ಎರಡೂ ಕಡೆ ಕ್ಯಾನು. ದೂರದ ಒಂದು ಹೊಲದ ಬೋರಿನಿಂದ ತಂದಿದ್ದ. ನಮ್ಮನ್ನು ನೋಡಿ ಗಾಬರಿಯಾದ. ಕ್ಯಾನುಗಳನ್ನು ಒಳಗಿಟ್ಟು ಬಂದು, ಟಾಕಿಯ ನೆರಳಿಗೆ ಕರೆದುಕೊಂಡು ಹೋದ. ಕುರಿಗಳೆಲ್ಲಿ ಅಂದೆ. ಕಾಕಾ ತೆಲಂಗಾಣದ ಕಡೆ ಹೊಡೆದುಕೊಂಡು ಹೋಗಿದ್ದಾರೆ, ಅಲ್ಲಿ ಮೇವಿದೆಯಂತೆ ಅಂದ. ಆಮೇಲೆ ತಾನೇ ಮಾತು ತೆಗೆದ.

"ಮ್ಯಾಡಂ, ನಮ್ಮ ಟೀಮ್ ಬಂದ್ ಮಾಡ್ರಿ. ಬರಾಬ್ಬರ್ ಅದ ಅದು. ನಾ ಬೇಕಂತಲೇ ಬಿಟ್ಟೀನಿ."

"ಯಾಕ ಬಿಟ್ಟಿ?"

"ಗೆದ್ರ ನಮ್ಮೂರಿಗಿ ಬರ್ತಿದ್ರಲ್ರಿ, ಎಲ್ಲಾರೂ." ಸುಣ್ಣದ ಚೌಕದ ಕಡೆ ನೋಡಿದ. "ರೊಟ್ಟಿ ಹ್ಯಾಂಗರೇ ಮಾಡ್ತಿದ್ದೇವು. ತಂಬಗಿ ಹಿಡ್ಕೊಂಡು ನಾ ಏನು ಕೊಡ್ಲಿ? ಬಂದ ಮಂದಿಗಿ ನೀರಿಲ್ಲ ಅಂದ್ರ, ಸತ್ತಂಗ್ರಿ ಅದು."

"ಸೋಲೋದೇ ಆಗಿದ್ರ ಬರೂದೇ ಬ್ಯಾಡಾಗಿತ್ತಲ್ಲೋ."

"ಆಡೋ ಆಸೆ ಇತ್ರಿ," ಅಂದ. "ನಾಲ್ಕೂ ಮಂದಿ ಕೂಡಿ ಆಡಿ ಭಾಳ ದಿವಸ ಆಗಿತ್ತು. ಎರಡನೇದೋ ಮೂರನೇದೋ ಬಂದು ಹೋಗಮು ಅಂತ ಮಾತಾಡಿಕೊಂಡೇ ಬಂದಿದ್ದೇವು. ಆಡ್ತಾ ಆಡ್ತಾ ಅಲ್ಲೀತನ ಹೋಗಿಬಿಟ್ಟೇವಿ. ಕಿಡಕ್ಯಾಗ ನಿಂತಾಗ ನೆನಪಾಯ್ತು."

ಪ್ರಜ್ಞಾ ಮುಖ ತಿರುಗಿಸಿಕೊಂಡಳು. ಎಂಥ ಒಳ್ಳೆಯ ನಿಯಮ ಮಾಡಿದೆವು ಎಂದು ನಾವು ಬೀಗುತ್ತಿದ್ದೆವು. ಊರಿಂದ ಊರಿಗೆ ಆಟ ಹೋಗುತ್ತದೆ, ಜನ ಬೆಳೆಯುತ್ತಾರೆ, ಹೊಸ ಟೀಮುಗಳು ಹುಟ್ಟುತ್ತವೆ ಎಂದು. ಗೆದ್ದರೆ ಮಾನ ಹೋಗುವ ಊರೂ ಇರಬಹುದು ಎಂದು ನಮಗೆ ಹೊಳೆಯಲೇ ಇಲ್ಲ.

"ಇದನ್ನ ನಾ ಎಲ್ಲಾರಿಗೂ ಹೇಳ್ತೇನಿ. ನಿಮ್ಮ ಟೀಮ್ ಬಂದ್ ಆಗಂಗಿಲ್ಲ," ಅಂದೆ.

"ಬ್ಯಾಡ್ರಿ ಮ್ಯಾಡಂ, ಕೈ ಮುಗೀತೇನಿ." ನಿಜವಾಗಿಯೂ ಕೈ ಮುಗಿದ. "ನಾಗೇಶಂದು ಮದಿವಿ ಮಾತು ನಡದದ. ಹುಡುಗಿ ಭಾಲ್ಕಿ ಕಡ್ಯಾಕಿ. ನೀರಿಲ್ಲದ ಊರು ಅಂತ ಗೊತ್ತಾದ್ರ ಯಾರು ಹೆಣ್ಣು ಕೊಡ್ತಾರ್ರಿ? ಬೀರ್ಯಾ ರೊಕ್ಕ ತಿಂದ, ಆಟ ಮಾರಿಕೊಂಡ ಅನ್ಲಿ. ನಂದೇನದ, ನಡೀತದ. ಊರಿಂದು ಹೊರಗ ಬೀಳಬಾರದು."

ಬರುವಾಗ ಅವನ ಅವ್ವ ರೊಟ್ಟಿ ಕಟ್ಟಿಕೊಟ್ಟಳು. ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ.

ಬೀದರಿಗೆ ಬಂದು ಎಲ್ಲ ಕ್ಯಾಪ್ಟನ್‌ಗಳನ್ನು ಕರೆಸಿದೆ. ನಿಯಮದ ಪ್ರಕಾರ ಔರಾದ ಟೀಮಿಗೆ ಒಂದು ವರ್ಷ ಆಟ ಬಂದ್ ಎಂದು ಹೇಳಿದೆ. ಕಾರಣ ಹೇಳಲಿಲ್ಲ. "ಅನ್ನಲಿಲ್ಲೇನು, ರೊಕ್ಕ ತಿಂದಾನ ಅಂತ," ಎಂದು ಒಬ್ಬ ನಕ್ಕ. ನಾನು ಬಾಯಿ ಕಟ್ಟಿಕೊಂಡು ಕೂತೆ. ನಿಜ ಗೊತ್ತಿದ್ದೂ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎನ್ನುವುದು ನನ್ನಂಥ ಬಾಯಿಬಡುಕಿಗೇ ಗೊತ್ತು.

ಎಲ್ಲರೂ ಹೋದ ಮೇಲೆ ಸಲೀಂ ಉಳಿದ. ಭಾಲ್ಕಿ ಬಜಾರಿನಲ್ಲಿ ಅವನ ಅಬ್ಬಾನದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ.

"ಮ್ಯಾಡಂ, ನೀವು ಅವರ ಊರಿಗಿ ಹೋಗಿದ್ರಂತ. ನೀವು ಹೇಳಲಿಲ್ಲ ಅಂದ್ರೂ ನನಗ ತಿಳೀತದ. ಈ ವರ್ಷ ಔರಾದ ಕಡೀ ಮಂದಿ ನಮ್ಮ ದುಕಾನದಾಗ ಒಯ್ದಷ್ಟು ಕೊಡ, ಡ್ರಮ್ಮು ಮತ್ಯಾರೂ ಒಯ್ದಿಲ್ಲ. ಕೊಡ ಒಯ್ತಾರ್ರಿ. ತುಂಬಸ್ಲಾಕ ಏನದ?"

ನಾನು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ.

"ಕಪ್ ಅವರದೇ ಅದ. ಆಟ ಅವರೂರಾಗೇ ಇಡ್ರಿ," ಅಂದ ಸಲೀಂ. "ಎಲ್ಲಾ ಟೀಮಿನವರು ತಮ್ಮ ತಮ್ಮ ನೀರು ತಾವು ತರ್ತೇವಿ. ಅಬ್ಬಾಗ ಹೇಳಿ ಎರಡು ಡ್ರಮ್ ತುಂಬಿ ಟೆಂಪೋದಾಗ ಹಾಕ್ಸಿಕೊಂಡು ಬರ್ತೇನಿ. ಅವ್ರಿಗೂ ಉಳೀತದ. ಇದ್ರಾಗ ಏನ್ ಕಮ್ಮಿ ಆಗ್ತದ್ರಿ ಅವಗ?"

ಪ್ರಜ್ಞಾ ಕುಣಿದೇಬಿಟ್ಟಳು. ನನಗೂ ಎದೆ ಹಗುರಾಯಿತು. ಇಷ್ಟು ಸರಳ ಉಪಾಯ ನಮಗೆ ಯಾಕೆ ಹೊಳೆಯಲಿಲ್ಲ? ನೀರು ಹೊತ್ತು ಹೋದರಾಯಿತು, ಆಟ ಆಡಿದರಾಯಿತು, ಸುಣ್ಣದ ಆ ಚೌಕದ ಮೇಲೆ ಒಮ್ಮೆಯಾದರೂ ಬೆಳಕು ಬಿದ್ದಂತಾಯಿತು. ಬಂದ್ ಗಿಂದ್ ಎಲ್ಲ ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ, ಯಾರು ಕೇಳುತ್ತಾರೋ ನೋಡೋಣ ಎಂದುಕೊಂಡೆ. ಆಗಿಂದಾಗಲೇ ಬೀರಪ್ಪನಿಗೆ ಫೋನ್ ಮಾಡಿದೆ. ಹತ್ತಲಿಲ್ಲ. ಮರುದಿನವೂ ಹತ್ತಲಿಲ್ಲ.

ಮೊನ್ನೆ ಅವನೇ ಮಾಡಿದ. ಹಿಂದೆ ಜನರ ಗದ್ದಲ, ರೈಲಿನ ಅನೌನ್ಸ್‌ಮೆಂಟು.

"ಎಲ್ಲಿದ್ದೀಯೋ?"

"ಭಾಲ್ಕಿ ಸ್ಟೇಷನ್‌ದಾಗ ಇದ್ದೀನ್ರಿ. ಅವ್ವನ್ನೂ ಕರ್ಕೊಂಡು ಹೈದರಾಬಾದಿಗಿ ಹೊಂಟೀನಿ. ನಾಗೇಶ ಕೆಲಸ ನೋಡ್ಯಾನ." ಆಮೇಲೆ ಅವನೇ ಹೇಳಿದ. "ಅವನ ಮದಿವಿ ಮಾತು ಮುರೀತ್ರಿ. ಹುಡುಗಿ ಕಡ್ಯಾವರು ತಾವೇ ಬಂದು ಊರು ನೋಡ್ಕೊಂಡು ಹೋದ್ರು. ಈಗ ನೀವು ಯಾರಿಗಿ ಹೇಳಿದ್ರೂ ನಡೀತದ. ಬರದ್ರೂ ನಡೀತದ. ಊರ ಹೆಸರೊಂದು ಬ್ಯಾಡ್ರಿ."

ಮನೆಗೆ ಬೀಗ ಹಾಕಿದಿರಾ ಎಂದು ಕೇಳಲು ಹೋಗಿ ತಡೆದುಕೊಂಡೆ. ಅದನ್ನೇನು ಕೇಳುವುದು. ಅದರ ಬದಲು ಸಲೀಂ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಕಪ್ಪು ನಿಮ್ಮದೇ, ಬಂದ್ ಇಲ್ಲ, ಆಟ ನಿಮ್ಮೂರಲ್ಲೇ, ಟಾಕಿಯ ಕೆಳಗೆ. ಎಲ್ಲರೂ ತಮ್ಮ ನೀರು ತಾವೇ ತರುತ್ತಾರೆ, ನಿನಗೂ ನಿನ್ನ ಅವ್ವನಿಗೂ ಏನೂ ತೊಂದರೆ ಇಲ್ಲ, ಒಂದು ದಿನದ ಮಟ್ಟಿಗೆ ನಾಲ್ವರೂ ಬಂದುಬಿಡಿ, ಸಾಕು.

ಆ ಕಡೆ ರೈಲು ಬಂದು ನಿಲ್ಲುವ ಸದ್ದು ಕೇಳಿಸಿತು. ಅವನ ಅವ್ವ ಅವನನ್ನು ಕೂಗಿದ್ದೂ ಕೇಳಿಸಿತು.

"ಸಲೀಮಣ್ಣಗ ಶುಕ್ರಿಯಾ ಹೇಳ್ರಿ," ಅಂದ ಬೀರಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರ ಮ್ಯಾಡಂ, ಬಂದ ಮಂದಿ ತಮ್ಮ ನೀರು ತಾವೇ ಹೊತ್ಕೊಂಡು ಬಂದ್ರ, ಮನೀ ಮಂದಿ ಅಂತ ನಾವು ಯಾತಕ್ಕ ನಿಂದರಬೇಕ್ರಿ?"